ಮಿರಜಿಗೆ ಜೋಡಿ ಹೋಗುವವರು

ಸುಳ್ಳು ಸಮಾಜದ ಮೊದಲ ಕಾಯಿಲೆಯೆಂದು ಚಿಕ್ಕೋಡಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿದವನು ನಾನು. ನಿವೃತ್ತಿಯ ಬಳಿಕ ಎರಡನೆಯ ಕಾಯಿಲೆಯ ಬೆನ್ನು ಹತ್ತಿದೆ. ಅದು ಹೃದ್ರೋಗದ ಮುನ್ಸೂಚನೆಗಳನ್ನು ಕಡೆಗಣಿಸುವ ಕಾಯಿಲೆ. ಎದೆಯ ಮೇಲೆ ಭಾರವಿಟ್ಟಂತಾಗುವುದು, ನೋವು ಎಡತೋಳಿಗೋ ದವಡೆಗೋ ಹರಿಯುವುದು, ನಾಲ್ಕು ಹೆಜ್ಜೆಗೇ ಏದುಸಿರು, ಕಾರಣವಿಲ್ಲದ ತಣ್ಣನೆಯ ಬೆವರು, ಇವನ್ನೆಲ್ಲ ಕರಪತ್ರದಲ್ಲಿ ಅಚ್ಚು ಹಾಕಿಸಿ ರಾಯಬಾಗದಿಂದ ಅಥಣಿಯವರೆಗೆ ಹಂಚಿದ್ದೇನೆ. ಅದೇ ಕರಪತ್ರದಲ್ಲಿ ಮಿರ್ಚಿ ಭಜಿ ಕಟ್ಟಿಕೊಟ್ಟದ್ದನ್ನೂ ಕಂಡಿದ್ದೇನೆ. ಹೃದಯದ ಚಿತ್ರದ ಮೇಲೆಯೇ ಎಣ್ಣೆ ಹರಡಿತ್ತು. ಇಂಥ ನಾನು ಕಳೆದ ಚಳಿಗಾಲದಲ್ಲಿ ಒಂದೇ ದಿನ ಎರಡು ಸುಳ್ಳು ಹೇಳಿದೆ. ಮೊದಲನೆಯದಕ್ಕೆ ನನ್ನಲ್ಲಿ ಸಮರ್ಥನೆಯಿದೆ.

ನಮ್ಮ ಭಾಗದ ಜನರ ದೇಹದಲ್ಲಿ ಹೃದಯವೆಂಬ ಅಂಗವೇ ಇಲ್ಲ, ಇರುವುದು ಪಿತ್ತ. ಎದೆ ಹಿಂಡಿದರೆ ಪಿತ್ತ, ಉಸಿರು ಕಟ್ಟಿದರೆ ಪಿತ್ತ, ಸತ್ತರೆ ಮಾತ್ರ ‘ಹಾರ್ಟ್ ಫೇಲ್’. ಹೆಣ್ಣುಮಕ್ಕಳಿಗಂತೂ ಪಿತ್ತವಾಗುವ ಹಕ್ಕೂ ಇಲ್ಲ. ಅವರ ಸುಸ್ತು, ವಾಕರಿಕೆ, ಬೆನ್ನುನೋವುಗಳೆಲ್ಲ ಮನೆಗೆಲಸದ ಲೆಕ್ಕಕ್ಕೆ ಹೋಗುತ್ತವೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಮಹಿಳೆಯರ ಮುಂದೆ ಎಡತೋಳಿನ ನೋವಿನ ಕುರಿತು ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಒಬ್ಬ ಅಜ್ಜಿ ಮೊರದಿಂದ ಕಣ್ಣೆತ್ತದೆ, “ಸರ್, ಹರೇದಾಗಿಂದ ಕುಂತ್ ಬೀಡಿ ಕಟ್ಟೇನಿ. ತೋಳ ನೋಯೂದ ಬಿಟ್ಟು ಮತ್ತೇನ ಹಾಡತೈತೇನ್ರಿ?” ಎಂದಳು. ಸಭೆ ನಕ್ಕಿತು. ನೋವನ್ನು ಕೂಲಿಯ ಭಾಗವೆಂದು ಒಪ್ಪಿಸಿಬಿಟ್ಟ ವ್ಯವಸ್ಥೆಯನ್ನು ನಾನು ಖಂಡಿಸಿದೆ. ಸಭೆ ಇನ್ನಷ್ಟು ನಕ್ಕಿತು.

ಆದರೆ ಊರಿನ ಅಜ್ಞಾನದ ಮೇಲೆ ಸಿಟ್ಟಾಗುವುದು ಸುಲಭ, ಅಕ್ಕನ ಗಂಡನ ಮೇಲೆ ಸಿಟ್ಟಾಗುವುದು ಕಷ್ಟ. ಬಾಳಪ್ಪ ಮಾವ ಉಗಾರ ಬುದ್ರುಕದಲ್ಲಿ ಕಬ್ಬು ಬೆಳೆಯುವವರು. ತೋಟದಿಂದ ಮನೆಗೆ ಬರುವಾಗ ನಡುದಾರಿಯಲ್ಲಿ ಎದೆ ಹಿಡಿದು ನಿಲ್ಲುತ್ತಾರೆ, ಐದು ನಿಮಿಷ ಕುಳಿತರೆ ಸರಿಹೋಗುತ್ತಾರೆ, ತಿಂಗಳಿಂದ ಹೀಗೇ ನಡೆದಿದೆ ಎಂದು ಅಕ್ಕ ಫೋನು ಮಾಡಿದಳು. ಕರಪತ್ರ ಹಿಡಿದೇ ಓಡಿದೆ.

“ಪಿತ್ತ ಐತಿ ಮಾಸ್ತರ, ಸೋಡಾ ಕುಡದ್ರ ಇಳೀತೈತಿ,” ಎಂದರು ಮಾವ.

“ಮತ್ತ ತೋಳ ಯಾಕ ನೋಯತೈತ್ರಿ?”

“ಮೊನ್ನೆ ಮೋಟಾರ್ ಎತ್ತಿದ್ದೆ.”

“ದವಡಿ?”

“ಹಲ್ಲಿಂದು.”

“ಇಂಥಾ ಥಂಡ್ಯಾಗ ಬೆವರು?”

“ನೀ ಎದುರಿಗೆ ಕುಂತೀಯಲ್ಲ!”

ಒಬ್ಬನೇ ಕಳ್ಳ ನಾಲ್ಕು ಹೆಸರಿಟ್ಟುಕೊಂಡು ಮನೆಯಲ್ಲಿ ಉಳಿದಿದ್ದ. ಮಾವ ಅವನಿಗೆ ದಿನಾ ಸೋಡಾ ಕುಡಿಸುತ್ತಿದ್ದರು.

ಆಸ್ಪತ್ರೆಯ ಭಯವೆಂದು ನೀವು ತಿಳಿದರೆ ತಪ್ಪು. ಈ ಕಡೆ ಯಾರ ಜೀವಕ್ಕೆ ಕುತ್ತು ಬಂದರೂ ಗಾಡಿ ಹೊರಡುವುದು ಗಡಿಯಾಚೆಯ ಮಿರಜಿಗೆ, ಮತ್ತು ರೋಗಿಯ ಜೊತೆಗೆ, ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಜೋಡಿ’, ಒಬ್ಬರು ಹೋಗಲೇಬೇಕು. ಊರಿಗೆಲ್ಲ ಜೋಡಿ ಹೋಗುವವರು ನಮ್ಮ ಮಾವನೇ. ಯಾವ ಆಸ್ಪತ್ರೆಯ ಚಹಾ ಗಟ್ಟಿ, ಯಾವ ಬೆಂಚಿನ ಮೇಲೆ ಫ್ಯಾನು ತಿರುಗುತ್ತದೆ, ಯಾವ ಕಾವಲುಗಾರನನ್ನು ಮರಾಠಿಯಲ್ಲಿ ‘ದಾದಾ’ ಎಂದರೆ ಒಳಗೆ ಬಿಡುತ್ತಾನೆ ಎಂಬುದೆಲ್ಲ ಅವರಿಗೆ ಬಾಯಿಪಾಠ. “ಮಂದಿನ್ನೆಲ್ಲ ಒಳಗ ಕಳಿಸ್ಯಾರ, ತಮ್ಮಾ. ತಾವ ಮಾತ್ರ ಬಾಗಲಾ ದಾಟಿಲ್ಲ,” ಎಂದು ಅಕ್ಕ ಕಣ್ಣೊರೆಸಿಕೊಂಡಳು. ಜೋಡಿ ಹೋದವನು ಊರಿಗೆ ಹಿರಿಯ; ರೋಗಿಯಾಗಿ ಹೋದವನ ಮನೆಗೆ ಬಿಸ್ಕತ್ತಿನ ಪುಡಿಕೆ ಹಿಡಿದು ಊರೇ ಮಾತಾಡಿಸಲು ಬರುತ್ತದೆ. ಗಂಡಸಿನ ಒಣಪ್ರತಿಷ್ಠೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಆಗ ಮೊದಲ ಸುಳ್ಳು ಹೇಳಿದೆ. “ಮಾವಾರ, ಖರೇ ಹೇಳಬೇಕಂದ್ರ ಎದಿ ನೋಯಾಕತ್ತಿದ್ದು ನಂದು. ಒಬ್ಬನ ಹೋಗಾಕ ಅಂಜಿಕಿ ಬರ್ತೈತಿ.”

ಮಾವ ತಟ್ಟನೆ ಎದ್ದರು. “ಹುಚ್ಚ ಅದಿ ಏನಲೇ? ಎದಿ ನೋವು ಇಟ್ಕೊಂಡು ಪಿತ್ತದಾಂವಗ ಪಾಠಾ ಹೇಳಾಕತ್ತಿ!” ಎಂದು ಹಾಸಿಗೆ ಸುತ್ತಿದರು, ಅಕ್ಕನಿಂದ ರೊಟ್ಟಿ ಕಟ್ಟಿಸಿದರು, ಪಕ್ಕದ ಮನೆಯವರ ಕಾರು ತರಿಸಿದರು. ತನಗಾಗಿ ತಿಂಗಳಾದರೂ ಕದಲದ ಮನುಷ್ಯ ನನಗಾಗಿ ಅರ್ಧ ಗಂಟೆಯಲ್ಲಿ ದಾರಿಯಲ್ಲಿದ್ದ. ಕಾರಿನಲ್ಲಿ ದಾರಿಯುದ್ದಕ್ಕೂ, “ಹಗರಕ ಉಸರಾ ತಗೋ, ಏನೂ ಆಗೂದಿಲ್ಲ,” ಎಂದು ನನ್ನ ಎದೆ ನೀವುತ್ತಲೇ ಇದ್ದರು. ನಾಚಿಕೆಯಿಂದ ನನಗೆ ನಿಜಕ್ಕೂ ಬೆವರು ಬಂತು.

ಆಸ್ಪತ್ರೆಯಲ್ಲಿ ನನ್ನ ಹೆಸರಿಗೆ ಚೀಟಿ ಮಾಡಿಸಿದ್ದೂ ಅವರೇ. ಹಾಸಿಗೆ-ರೊಟ್ಟಿಯ ಗಂಟು ನನಗೆ ಕೊಡಿ ಎಂದರೂ ಕೇಳದೆ, ರೋಗಿ ಭಾರ ಹೊರಬಾರದೆಂದು ತಾವೇ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರು, ಐದನೆಯದರಲ್ಲಿ ನಿಂತರು. ಮುಖ ಬಿಳಿಚಿಕೊಂಡಿತ್ತು. ಕೈ ಎದೆಗೆ ಹೋಯಿತು.

“ಪೇಶಂಟ್ ಯಾರ್ರಿ?” ಎಂದು ಓಡಿಬಂದ ಸಿಸ್ಟರ್ ಕೇಳಿದಳು. ಮಾವ ನನ್ನತ್ತ ಬೆರಳು ಮಾಡಿದರು, ನಾನು ಮಾವನತ್ತ. ಆಕೆ ಇಬ್ಬರನ್ನೂ ಒಮ್ಮೆ ನೋಡಿ ಗಾಲಿಕುರ್ಚಿಯನ್ನು ಅವರ ಬಳಿಗೆ ತಂದಳು. “ಬಾಯಾರ, ನಾ ಅಲ್ರೀ, ನಾ ಇವನ ಜೋಡಿ ಬಂದಾಂವ್ರೀ!” ಎಂಬ ಕೂಗು ಬಾಗಿಲು ಮುಚ್ಚುವವರೆಗೂ ಕೇಳುತ್ತಿತ್ತು.

ರಕ್ತನಾಳವೊಂದು ಬಹುಪಾಲು ಮುಚ್ಚಿಹೋಗಿತ್ತು. ಇನ್ನು ಕೆಲವು ದಿನ ಸೋಡಾ ಕುಡಿದಿದ್ದರೆ ಮಾತೇ ಬೇರೆಯಾಗುತ್ತಿತ್ತು ಎಂದರು ವೈದ್ಯರು. ಸಂಜೆಯೊಳಗೆ ನಾಳವನ್ನು ತೆರೆದರು; ಜೀವ ಉಳಿಯಿತು. ಫೋನಿನಲ್ಲಿ ಅಕ್ಕನ ಅಳು ಕೇಳಿಸಿಕೊಂಡು, ಅಜ್ಞಾನದ ಮೇಲೆ ಅರಿವು ಸಾಧಿಸಿದ ವಿಜಯದ ಕುರಿತು ಮುಂದಿನ ಭಾಷಣದ ಮೊದಲ ವಾಕ್ಯವನ್ನು ಕಟ್ಟುತ್ತ ಬೆಂಚಿನ ಮೇಲೆ ಕುಳಿತಿದ್ದೆ.

ಅಷ್ಟರಲ್ಲಿ ಪಾಳಿ ಬದಲಾಗಿ ಬಂದ ಇನ್ನೊಬ್ಬ ಸಿಸ್ಟರ್ ಚೀಟಿ ಹಿಡಿದು ನನ್ನ ಹೆಸರನ್ನು ಕೂಗಿದಳು. “ಎಲ್ಲಿ ಹೋದ್ರು ಈ ಎದಿ ನೋವಿನವರು? ಕಾರ್ಡಿಯೋಗ್ರಾಮ್ ತಗೀಬೇಕ್ರೀ!”

ನನ್ನ ತಂದೆ ಎದೆನೋವಿನಿಂದಲೇ ತೀರಿಕೊಂಡವರು. ವಂಶದಲ್ಲಿ ಹೃದ್ರೋಗವಿದ್ದವರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು ಎಂಬ ಸಾಲನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದವನು ನಾನೇ. ಹತ್ತು ಹೆಜ್ಜೆ ದೂರದಲ್ಲಿ ಬಾಗಿಲು ತೆರೆದಿತ್ತು. ಸಿಸ್ಟರ್ ನನ್ನ ಮುಂದೆಯೇ ನಿಂತು, “ನೀವಾ ಏನ್ರಿ?” ಎಂದಳು.

“ಅವರು ಈಗ ಹೊರಗ ಹೋದ್ರಲ್ರೀ,” ಎಂದೆ. “ನಾ ಅವರ ಜೋಡಿ ಬಂದಾಂವ.”