ಗೋಲ್‌ಕೀಪರ್ ಯುಸ್ರಾಳ ಅಪ್ಪನ ದೊಡ್ಡ ಲೆನ್ಸು

ನನ್ನ ಅಮ್ಮ ಒಂದು ವರ್ಷದಿಂದ ದಿನಾ ಬೆಳಗ್ಗೆ ಮುತ್ತಿಡುತ್ತಿದ್ದದ್ದು ಬೇರೆ ಯಾರದೋ ಮನೆಯ ಹುಡುಗಿಗೆ ಎಂದು ತಿಳಿದ ದಿನ ನಾನು ಊಟ ಬಿಟ್ಟೆ. (ಒಂದೇ ಹೊತ್ತು. ಅವತ್ತು ನನ್ನ ಪ್ರೀತಿಯ ಮೀನಿನ ಕುಸ್‌ಕುಸ್ ಇರಲಿಲ್ಲ.)

ತಪ್ಪು ನನ್ನದೇ. ಮಗಳು ಯುಸ್ರಾ ಶಾಲೆಯ ಹ್ಯಾಂಡ್‌ಬಾಲ್ ತಂಡದ ಗೋಲ್‌ಕೀಪರ್. ನಮ್ಮ ಊರು ಮೊಕ್ನೀನ್‌ನಲ್ಲಿ ಮಕ್ಕಳು ನಡೆಯುವುದಕ್ಕೆ ಮೊದಲು ಚೆಂಡು ಎಸೆಯುತ್ತವೆ. ಅಮ್ಮ ಬಿದ್ದು ಸೊಂಟ ಮುರಿದುಕೊಂಡು ಮಲಗಿರುವುದರಿಂದ ಪಂದ್ಯಕ್ಕೆ ಬರಲಾರಳು. ಹಾಗಾಗಿ ಕಳೆದ ವರ್ಷ ನಾನೇ ಯುಸ್ರಾಳ ಆಟದ ಒಂದು ಫೋಟೊ ತೆಗೆದು ಅಮ್ಮನ ದಿಂಬಿನ ಪಕ್ಕ ಇಟ್ಟಿದ್ದೆ. ಅವಳು ಮುತ್ತಿಡುತ್ತಿದ್ದದ್ದು ಅದಕ್ಕೇ. ಅದರಲ್ಲಿ ಹಬೆಯಂಥದ್ದೊಂದು ಆಕೃತಿ ಕೈ ಎತ್ತಿ ನಿಂತಿತ್ತು. ಮೊನ್ನೆ ಯುಸ್ರಾ ಅದನ್ನು ದೀಪದ ಹತ್ತಿರ ಹಿಡಿದು ನೋಡಿದಳು.

"ಅಜ್ಜಿ, ಇದು ನಾನಲ್ಲ. ನನಗೆ ಐದು ಗೋಲು ಹೊಡೆದವಳು ಇವಳು."

ಅಮ್ಮ ಫೋಟೊವನ್ನು ಕೈಗೆ ತೆಗೆದುಕೊಂಡಳು. "ಹೋಗ್ಲಿ ಬಿಡು. ಅವಳಿಗೂ ಒಬ್ಬಳು ಅಜ್ಜಿ ಇರ್ತಾಳೆ. ಈ ಸಲ ನಮ್ಮವಳನ್ನ ತೋರ್ಸು, ನೌಫಲ್."

ಆ ಮಾತು ಎದೆಗೆ ನಾಟಿತು. ಹೊಸ ಲೆನ್ಸು ತರಬೇಕೆಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ.

ನನ್ನ ಹೆಂಡತಿ ಸುಂದುಸ್ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ನಾನು ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತೇನೆ. ಬೆಳಕಿನ ವಿಚಾರದಲ್ಲಿ ಯಾರ ಮಾತು ಕೇಳಬೇಕಿತ್ತೆಂದು ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ.

ಸೂಸ್ ಪೇಟೆಯಲ್ಲಿ ಹಳೆಯ ಕ್ಯಾಮೆರಾ ಮಾರುವ ಶಾದ್ಲಿ ಎಂಬ ಹಿರಿಯರಿದ್ದಾರೆ. ನಲವತ್ತು ವರ್ಷ ಮದುವೆಗಳ ಫೋಟೊ ತೆಗೆದವರು. ಅವರ ಅಂಗಡಿಗೆ ಇಬ್ಬರೂ ಹೋದೆವು.

"ಆಟ ಎಲ್ಲಿ ನಡೆಯುತ್ತೆ?" ಎಂದರು.

"ಒಳಾಂಗಣದಲ್ಲಿ."

"ದೀಪ ಹೇಗಿದೆ?"

"ಹನ್ನೆರಡು ಇವೆ. ನಾಲ್ಕು ಉರಿಯುತ್ತೆ," ಎಂದಳು ಸುಂದುಸ್.

"ಹಾಗಾದ್ರೆ ನಿಮಗೆ ದೂರ ನೋಡೋ ಲೆನ್ಸು ಬೇಡ, ಬೆಳಕು ಕುಡಿಯೋ ಲೆನ್ಸು ಬೇಕು." ಅವರು ಮೇಜಿನ ಮೇಲೆ ಒಂದು ಪುಟ್ಟ ಲೆನ್ಸು ಇಟ್ಟರು. "ಎಂಬತ್ತೈದು ಮಿಲಿಮೀಟರ್. ಗಾತ್ರ ಚಿಕ್ಕದು, ಬಾಯಿ ಅಗಲ. ಓಡೋ ಮಗೂನ ಅಲ್ಲೇ ನಿಲ್ಲಿಸಿಬಿಡುತ್ತೆ."

ಹರೀಸಾ ಖಾರದ ಡಬ್ಬಿಯಷ್ಟಿತ್ತು. ಇದನ್ನು ಹಿಡಿದು ಹೋದರೆ ಉಳಿದ ಅಪ್ಪಂದಿರ ಮುಂದೆ ನನ್ನ ಮರ್ಯಾದೆ ಏನಾಗಬೇಕು? ನನ್ನ ಕಣ್ಣು ಮೇಲಿನ ಕಪಾಟಿಗೆ ಹೋಯಿತು. ಅಲ್ಲಿ ಮೊಳದುದ್ದದ ಮಹಾಮಸೂರವೊಂದು ಫಿರಂಗಿಯಂತೆ ಪವಡಿಸಿತ್ತು.

"ಅದು?"

"ಆರುನೂರರದ್ದು. ಅದು ಹಕ್ಕಿಗೆ. ಬಿಸಿಲಲ್ಲಿ ಕೂತಿರೋ ಹಕ್ಕಿಗೆ."

"ನನ್ನ ಮಗಳೂ ಹಾರ್ತಾಳೆ," ಎಂದೆ.

"ನೌಫಲ್, ಅದರ ಉದ್ದಕ್ಕೆ ತಕ್ಕ ಬಾಯಿಲ್ಲ. ಬೆಳಕು ಸಾಲಲ್ಲ," ಎಂದಳು ಸುಂದುಸ್.

"ಬಾಯಿ ಸಣ್ಣದಿರೋದು ಒಳ್ಳೇ ಗುಣ ಅಲ್ವಾ?" ಎನ್ನುತ್ತ ಅದನ್ನೇ ಕೊಂಡೆ.

(ಈ ಮಾತಿಗೆ ಸೂಸ್‌ನಿಂದ ಮೊಕ್ನೀನ್‌ವರೆಗೆ ಅವಳ ಬಾಯಿ ತೆರೆಯಲೇ ಇಲ್ಲ. ನಾನು ಗೆದ್ದೆನೆಂದು ತಿಳಿದೆ.)

ಪಂದ್ಯದ ದಿನ ಮೇಲಿನ ಸಾಲಿನಲ್ಲಿ ಕೂತು ಫಿರಂಗಿ ಏರಿಸಿದೆ. ಅಪ್ಪಂದಿರೆಲ್ಲ ತಿರುಗಿ ನೋಡಿದರು. ಆ ಗೌರವ ಎರಡು ನಿಮಿಷ ಬಾಳಿತು. ಲೆನ್ಸಿನೊಳಗೆ ಯುಸ್ರಾ ಇರಲಿಲ್ಲ, ಅವಳ ಎಡ ಮೊಣಕಾಲು ಮಾತ್ರ ಇತ್ತು. ಅದನ್ನು ಹಿಡಿಯುವಷ್ಟರಲ್ಲಿ ಅದೂ ಹಾರಿಹೋಯಿತು. ಕೈ ಸೋತು ಲೆನ್ಸನ್ನು ಎಲ್ಲೋ ಊರಿದೆ.

"ಅಣ್ಣಾ, ನನ್ನ ತಲೆ ಮೇಲೆ ಏನಿಟ್ಟಿದೀರಿ?" ಎಂದರು ಮುಂದೆ ಕೂತಿದ್ದವರು.

ವಿರಾಮದ ಹೊತ್ತಿಗೆ ಎಂಬತ್ತು ಫೋಟೊ ಆಗಿದ್ದವು. ಎಪ್ಪತ್ತು ಕತ್ತಲೆ, ಒಂಬತ್ತು ಮಂಜು, ಒಂದರಲ್ಲಿ ರೆಫರಿಯ ಕಿವಿ. ಮಸೂರದ ತುಂಬ ಮಸುಕು. ಈ ವರ್ಷ ಅಮ್ಮ ಆ ಕಿವಿಗೆ ಮುತ್ತಿಡಬೇಕಾದೀತು ಎಂದುಕೊಂಡು ಫಿರಂಗಿಯನ್ನು ಕೆಳಗಿಳಿಸಿದೆ.

"ಕ್ಯಾಮೆರಾ ಕೊಡು ಇಲ್ಲಿ," ಎಂದಳು ಸುಂದುಸ್. ತನ್ನ ಚೀಲದಿಂದ ಆ ಡಬ್ಬಿಯಂಥ ಲೆನ್ಸು ತೆಗೆದಳು.

"ಇದು ಹೇಗೆ ಬಂತು?"

"ನೀನು ಫಿರಂಗಿ ತಬ್ಬಿಕೊಂಡಿದ್ದಾಗ ಶಾದ್ಲಿ ಕೊಟ್ರು. ಒಂದು ವಾರ ಇಟ್ಕೊಂಡು ನೋಡಮ್ಮಾ ಅಂದ್ರು."

'ನಾನು ಮೊದಲೇ ಹೇಳಿದ್ದೆ' ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಹದಿನೇಳು ವರ್ಷದ ದಾಂಪತ್ಯದಲ್ಲಿ ಇದೇ ಮೊದಲು. ಅದಕ್ಕೆ ಕೃತಜ್ಞತೆ ಹೇಳೋಣವೆಂದರೆ ಅವಳು ಆಗಲೇ ಕೋಚ್ ಬಸ್ಮಾ ಅವರ ಅನುಮತಿ ಕೇಳಿ ಅಂಗಳದ ಅಂಚಿಗೆ ಇಳಿದು ಕೂತಿದ್ದಳು. ಮುಂದೆ ಕೂತಿದ್ದವರ ತಲೆಯ ದೂರು ಕೇಳಿದ್ದ ಕೋಚ್, ನನ್ನನ್ನೂ ನನ್ನ ಫಿರಂಗಿಯನ್ನೂ ಗೋಲಿನ ಹಿಂದಿನ ಬೆಂಚಿಗೆ ವರ್ಗಾವಣೆ ಮಾಡಿದರು.

ಕೊನೆಯ ನಿಮಿಷ. ನಮ್ಮವರು ಒಂದೇ ಗೋಲು ಮುಂದಿದ್ದರು. ಎದುರು ತಂಡಕ್ಕೆ ಏಳು ಮೀಟರಿನಿಂದ ನೇರ ಎಸೆತ ಸಿಕ್ಕಿತು. ಎಸೆಯಲು ಬಂದವಳು ಅಮ್ಮ ಮುತ್ತಿಟ್ಟ ಹುಡುಗಿಯೇ. ಚೆಂಡು ಬಂತು. ಮುಂದಿನದನ್ನು ನಾನು ನೋಡಲಿಲ್ಲ, ಕೇಳಿಸಿಕೊಂಡೆ. ಚಪ್ಪಾಳೆಯೆಂದರೆ ಚಾವಣಿ ಹಾರಿಹೋಗುವಂಥದ್ದು.

ಸಂಜೆಯೊಳಗೆ ಫೋಟೊ ಮುದ್ರಿಸಿ ಅಮ್ಮನ ಕೈಗಿಟ್ಟೆವು. ಯುಸ್ರಾ ಗಾಳಿಯಲ್ಲಿದ್ದಾಳೆ. ಎಡಗೈ ಚೆಂಡಿನ ಮೇಲಿದೆ. ಹಣೆಯ ಬೆವರಿನ ಹನಿಯನ್ನೂ ಎಣಿಸಬಹುದು. ಅಮ್ಮ ಕನ್ನಡಕ ಹಾಕಿಕೊಂಡಳು.

"ಇವಳು ನಮ್ಮವಳು. ಹುಬ್ಬು ಇವಳ ತಾತಂದು." ಅವಳ ಕಣ್ಣು ತುಂಬಿತು. ನಮ್ಮೆಲ್ಲರದೂ. ಆಮೇಲೆ ಅವಳ ಬೆರಳು ಫೋಟೊದ ಮೂಲೆಗೆ ಸರಿಯಿತು. "ಬಲೆ ಹಿಂದೆ ಕೊಳವೆ ತಬ್ಕೊಂಡು, ಕಣ್ಣು ಮುಚ್ಚಿ ಕೂತಿರೋದು ಯಾರು ಪಾಪ?"

"ಯಾರೋ ಪ್ರೇಕ್ಷಕರು," ಎಂದೆ.

"ಅಜ್ಜಿ, ಅದು ನಮ್ಮಪ್ಪ," ಎಂದಳು ಯುಸ್ರಾ. "ಮಧ್ಯೆ ಬಲೆ ಇತ್ತು, ನಾನೂ ಇದ್ದೆ. ಆದ್ರೂ ಹೆದರಿದ್ರು."

ಅಮ್ಮ ನಕ್ಕಳು. ಬಿದ್ದ ಮೇಲೆ ನಕ್ಕದ್ದು ಇದೇ ಮೊದಲು. ಸೊಂಟ ನೋಯುತ್ತದೆ, ನಿಲ್ಲಿಸಿ ಎನ್ನುತ್ತಲೇ ನಕ್ಕಳು. ಆ ಮೂಲೆ ಕತ್ತರಿಸಿ ತರುತ್ತೇನೆಂದು ನಾನು ಕೈ ಚಾಚಿದರೆ ಫೋಟೊವನ್ನು ಎದೆಗೊತ್ತಿಕೊಂಡಳು.

"ಮುಟ್ಬೇಡ. ಇಬ್ಬರೂ ನನ್ನವರೇ." ಮತ್ತೆ ಮೊಮ್ಮಗಳನ್ನು ದಿಟ್ಟಿಸಿದಳು. "ಹುಬ್ಬು ನಮ್ಮ ಕಡೆಯದು, ಸರಿ. ಧೈರ್ಯ ಮಾತ್ರ ಸುಂದುಸ್‌ದು."

ಹದಿನೇಳು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ. ಸುಂದುಸ್ ಮಂಚದ ಹತ್ತಿರ ಸರಿದು ಕೂತಳು.

"ಏನಂದ್ರಿ ಅತ್ತೆ? ಸರಿಯಾಗಿ ಕೇಳಿಸ್ಲಿಲ್ಲ."

ಅಮ್ಮ ಇನ್ನೊಮ್ಮೆ ಹೇಳಿದಳು, ಸ್ವಲ್ಪ ಗಟ್ಟಿಯಾಗಿ. ನಾನು ದೇವರಿಗೆ ಕೈಯೆತ್ತಿ, ಎಲ್ಲರಿಗೂ ಚಹಾ ಕಾಯಿಸಲು ಎದ್ದೆ.