ಮುದ್ದೆ, ಸಾರು ಮತ್ತು ಎರಡು ಗ್ರಾಂ ಹೈಡ್ರೋಜನ್

ಕೆಮಿಸ್ಟ್ರಿ ಪಾಠ ಮಾಡುವವರಿಗೆ ಊಟಕ್ಕೆ ಕೂತಾಗಲೂ ನೆಮ್ಮದಿಯಿಲ್ಲ. ಉಣ್ಣುವುದು ಬಿಟ್ಟು ಉದಾಹರಣೆ ಹುಡುಕುತ್ತಿರುತ್ತೇವೆ. ನಾನು ಹೊಳೆನರಸೀಪುರದ ಒಂದು ಪಿಯು ಕಾಲೇಜಿನ ಮೇಷ್ಟ್ರು. ಯಾವುದನ್ನು ಎಷ್ಟು ಬೆರೆಸಿದರೆ ಏನು ಎಷ್ಟು ಸಿಗುತ್ತದೆ ಎಂಬ ಲೆಕ್ಕ ಬಂತೆಂದರೆ ನಮ್ಮ ಮಕ್ಕಳಿಗೆ ಆಕಳಿಕೆ ಶುರು. ಹೋದ ಸಲ ಫೇಲಾದವರು ಬಹುಪಾಲು ಇಲ್ಲೇ ಮುಗ್ಗರಿಸಿದ್ದರು. ಈ ಸಲವೂ ಹಾಗಾದರೆ ಅವರ ಒಂದು ವರ್ಷ ಹಾಳು. ಪ್ರಿನ್ಸಿಪಾಲರಂತೂ ನನ್ನನ್ನು ಕಂಡರೆ ನಿಟ್ಟುಸಿರು ಬಿಡುವುದನ್ನು ರೂಢಿ ಮಾಡಿಕೊಂಡಿದ್ದರು.

ಒಂದು ದಿನ ಮುದ್ದೆ ಮುರಿಯುವಾಗ ತಟ್ಟನೆ ಹೊಳೆಯಿತು. ಮಾರನೆಯ ದಿನವೇ ಕ್ಲಾಸಿನಲ್ಲಿ ಹೇಳಿದೆ: ತಟ್ಟೆಯಲ್ಲಿ ಒಂದೇ ಮುದ್ದೆ, ಬಟ್ಟಲ ತುಂಬ ಸಾರು. ಮುದ್ದೆ ಮುಗಿಯಿತು, ಊಟ ನಿಂತಿತು, ಸಾರು ಉಳಿಯಿತು. ರಾಸಾಯನಿಕ ಕ್ರಿಯೆಯೂ ಇಷ್ಟೇ. ಇಡೀ ಕ್ಲಾಸು ತಲೆಯಾಡಿಸಿತು. ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಆಮೇಲೆ ಟೆಸ್ಟು ಕೊಟ್ಟೆ. ನಾಲ್ಕು ಗ್ರಾಂ ಹೈಡ್ರೋಜನ್, ಹದಿನಾರು ಗ್ರಾಂ ಆಕ್ಸಿಜನ್ ಸೇರಿದರೆ ಎಷ್ಟು ನೀರು, ಏನು ಉಳಿಕೆ? ಸರಿಯುತ್ತರ: ಆಕ್ಸಿಜನ್ ಮೊದಲು ಮುಗಿದು ಹದಿನೆಂಟು ಗ್ರಾಂ ನೀರು, ಎರಡು ಗ್ರಾಂ ಹೈಡ್ರೋಜನ್ ಉಳಿಕೆ. ಅರ್ಧ ಕ್ಲಾಸು ಬರೆದದ್ದು: ಮೂವತ್ತಾರು ಗ್ರಾಂ ನೀರು, ಉಳಿಕೆ ಸೊನ್ನೆ! ಹಳ್ಳಿಮೈಸೂರಿನಿಂದ ಬರುವ ಪವಿತ್ರ, ನರ್ಸಿಂಗ್ ಓದುವ ಆಸೆಯಿರುವ ಜಾಣೆ, ಅವಳೂ ಹಾಗೇ ಬರೆದಿದ್ದಳು. ಕರೆದು ಕೇಳಿದೆ.

"ಐಡ್ರೋಜನ್ ಉಳೀತು ಸಾ. ಅದ್ಕೆ ಇನ್ನೊಂದ್ ಅದ್ನಾರು ಗ್ರಾಂ ಆಕ್ಸಿಜನ್ ಆಕುಸ್ಕಂಡೆ."

"ಯಾರಮ್ಮ ಕೊಟ್ಟೋರು?"

"ಸಾರು ಉಳುದ್ರೆ ಇನ್ನೊಂದ್ ಮುದ್ದೆ ಆಕುಸ್ಕಳಲ್ವಾ ಸಾ? ತಟ್ಟೇಲಿ ಬುಟ್ಟು ಏಳಕ್ಕಾಯ್ತದಾ?"

ತಪ್ಪು ಅವಳದಲ್ಲ. ನಮ್ಮ ಕಡೆ ಸಾರು ಉಳಿದರೆ ಮುದ್ದೆ, ಮುದ್ದೆ ಉಳಿದರೆ ಸಾರು. ಎರಡೂ ಒಟ್ಟಿಗೆ ಮುಗಿಯುವವರೆಗೆ ಬಡಿಸುವವರು ಬಿಡುವುದಿಲ್ಲ, ಉಣ್ಣುವವರು ಏಳುವುದಿಲ್ಲ. ಇಂಥ ನಾಡಿನಲ್ಲಿ ಉಳಿಕೆಯ ಪಾಠ ಹೇಳಲು ಮುದ್ದೆಯನ್ನು ಆರಿಸಿದ ನನ್ನ ಬುದ್ಧಿಗೆ ಏನೆನ್ನಲಿ! "ಪರೀಕ್ಷೇಲಿ ಬಡಿಸೋರು ಇರಲ್ಲಮ್ಮ, ಕೊಟ್ಟಷ್ಟರಲ್ಲೇ ಮುಗಿಸ್ಬೇಕು," ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. "ನೀವಾದ್ರೆ ಉಳುಸ್ತೀರಾ ಸಾ?" ಎಂದಳು.

ಮಾನದ ಪ್ರಶ್ನೆ. ಊಟದ ಹೊತ್ತಿಗೆ ಮಕ್ಕಳನ್ನು ಸ್ಟಾಫ್ ರೂಮಿಗೇ ಕರೆಸಿದೆ. ಕ್ಯಾರಿಯರ್ ಬಿಚ್ಚಿದರೆ ಹುರುಳಿಕಾಳಿನ ಬಸ್ಸಾರು. ಮುದ್ದೆ ಮುಗಿಸಿ, ಅರ್ಧ ಸಾರು ಉಳಿಸಿ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಮುಚ್ಚಳ ಹಾಕಿದೆ. ವಿಜ್ಞಾನಕ್ಕಾಗಿ ನಾನು ಮಾಡಿದ ತ್ಯಾಗ ಅದೊಂದೇ.

"ಅಯ್ಯೋ, ನಿಜ್ವಾಗ್ಲೂ ಬುಟ್ಬುಟ್ರು ಕಣೇ!" ಎಂದು ಪವಿತ್ರ ಗೆಳತಿಯ ಕೈ ಹಿಡಿದಳು. ಅಂದೇ ಇನ್ನೊಂದು ಲೆಕ್ಕ ಕೊಟ್ಟೆ. ಎಲ್ಲರದೂ ಸರಿ. ನನಗೆ ಅಳುವೇ ಬಂದಂತಾಯಿತು.

ಸಂಜೆ ಕ್ಯಾರಿಯರ್ ತೊಳೆಯಲು ತೆಗೆದ ನನ್ನ ಹೆಂಡತಿ ಸರೋಜ ಒಳಗಿಂದಲೇ ಕೂಗಿದಳು: "ಮುದ್ದೆ ಸಾಲ್ನಿಲ್ಲ ಅಂತ ಬಾಯ್ಬುಟ್ಟು ಯೋಳಕ್ಕೇನಾಗಿತ್ತು ನಿಮ್ಗೆ?"

ಮರುದಿನ ಕ್ಯಾರಿಯರ್ ಬಿಚ್ಚಿದೆ. ಸಾರು ಅಷ್ಟೇ, ಮುದ್ದೆ ಮಾತ್ರ ಎರಡು. ಒಂದು ಕ್ಷಣ ಯೋಚಿಸಿದೆ. ಎದ್ದುಹೋಗಿ ಸ್ಟಾಫ್ ರೂಮಿನ ಬಾಗಿಲ ಚಿಲಕ ಹಾಕಿ ಬಂದು, ಉಳಿಕೆ ಸೊನ್ನೆಯಾಗುವವರೆಗೆ ಉಂಡೆ.