ನಮ್ಮ ಮನೆಗೆ ಏರ್ ಕಂಡೀಷನ್ ಹಾಕಿಸದೆ ಉಳಿದದ್ದು

ಹಾವಿಗೆ ಹೆದರುವವರಿದ್ದಾರೆ, ದೆವ್ವಕ್ಕೆ ಹೆದರುವವರಿದ್ದಾರೆ, ಹೆಂಡತಿಗೆ ಹೆದರುವವರಂತೂ ಮನೆಗೊಬ್ಬರು. ಈ ಮೂರಕ್ಕೂ ನಾನು ತಕ್ಕಮಟ್ಟಿಗೆ ಹೆದರುತ್ತೇನೆ, ಸುಳ್ಳೇಕೆ ಹೇಳಲಿ. ಆದರೆ ನನ್ನ ನಿಜವಾದ ಭಯ ಬೇರೆ. ಎದುರಿಗಿರುವವರಿಗೆ ‘ಬೇಡ’ ಎಂದು ಹೇಳಬೇಕಾಗಿ ಬಂದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಮದುವೆಮನೆಯ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿಯಲಾರದೆ ಹಾಕಿದ ಲಾಡನ್ನೆಲ್ಲ ನುಂಗಿ, ವಾರವಿಡೀ ಶುಂಠಿ ಕಷಾಯ ಕುಡಿದವನು ನಾನು. ಸಂತೆಯ ಮುದುಕಿ ಬಾಯ್ತುಂಬ ‘ಅಣ್ಣಾ’ ಎಂದಳೆಂದು, ಹಿತ್ತಲಲ್ಲಿ ಕುಂಬಳಕಾಯಿ ಕೊಳೆಯುತ್ತಿದ್ದರೂ ಇನ್ನೊಂದನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದವನು. ಇಂಥವನ ಮನೆಗೆ ಏರ್ ಕಂಡೀಷನ್ ಬರುವುದರಲ್ಲಿತ್ತು ಎಂದರೆ ನೀವು ಆಶ್ಚರ್ಯಪಡಬಾರದು.

ಅದು ಅರವತ್ತರ ದಶಕ. ಮನೆಯಲ್ಲಿ ಸೀಲಿಂಗ್ ಫ್ಯಾನ್ ಇದ್ದವರನ್ನೇ ಜನ ತಿರುಗಿ ನೋಡುತ್ತಿದ್ದ ಕಾಲ. ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ಕೆಂಪಾಪುರದಿಂದ ದಿನವೂ ಸೈಕಲ್ ತುಳಿಯುತ್ತಿದ್ದೆ. ನಮ್ಮ ಆಸ್ತಿ ಎಂದರೆ ಕೆರೆಯ ಕಡೆಗೆ ಮುಖ ಮಾಡಿದ ಹೆಂಚಿನ ಮನೆ, ಅದರ ಹಿಂದೆ ಅಪ್ಪ ನೆಟ್ಟು ಬಿಟ್ಟುಹೋದ ಸೀಬೆ ತೋಟ, ಅಷ್ಟೆ. ಆ ವರ್ಷ ನಮ್ಮ ಕಚೇರಿಗೆ ಇಡಿಯಾಗಿ ಏರ್ ಕಂಡೀಷನ್ ಹಾಕಿಸಿದರು. ಅಂಗಿಯೊಳಗೆ ಸ್ವೆಟರ್ ತೊಟ್ಟು ಹಲ್ಲು ಕಟಕಟಿಸುತ್ತಾ ಕೂತಿದ್ದ ನನ್ನ ಹತ್ತಿರ ಬಂದು ದೊಡ್ಡ ಸಾಹೇಬರು, “ಹೇಗಿದೆಯಯ್ಯಾ?” ಎಂದರು. “ಸ್ವರ್ಗ ಸಾರ್! ಮನೇಲೂ ಹೀಗೇ ಇದ್ದಿದ್ರೆ ಅನ್ಸುತ್ತೆ” ಎಂದೆ. ಬಾಯಿಗೆ ಬಂದದ್ದು ಅಷ್ಟೆ, ಮನಸ್ಸಿನಲ್ಲಿ ಏನೂ ಇರಲಿಲ್ಲ. ಸಾಹೇಬರ ಮುಖ ಅರಳಿತು. “ಅದಕ್ಕೇನಂತೆ? ನಮ್ಮ ಅಳಿಯಂದು ಈಗ ಇದೇ ವ್ಯಾಪಾರ. ಭಾನುವಾರ ಕಳಿಸ್ತೀನಿ, ಮನೆ ನೋಡಿ ಎಸ್ಟಿಮೇಟ್ ಹಾಕ್ತಾನೆ.” ನಾನು ಏನೆಂದೆ ಗೊತ್ತೆ? “ಸಂತೋಷ ಸಾರ್” ಎಂದೆ.

ಅಂದು ಸಂಜೆ ಹೆಬ್ಬಾಳ ಕೆರೆಯ ಏರಿಯ ಮೇಲೆ ಬರುವಾಗ ಗಾಳಿಗೆ ಕಿವಿ ಮರಗಟ್ಟುತ್ತಿತ್ತು. ಎದೆ ಮಾತ್ರ ಉರಿಯುತ್ತಿತ್ತು. ಬೇಡ ಎಂದರೆ ಸಾಹೇಬರ ಮುಖ ನೋಡುವುದು ಹೇಗೆ? ಬೇಕು ಎಂದರೆ ತೋಟ ಉಳಿಯುವುದು ಹೇಗೆ? ಮನೆಯಲ್ಲಿ ನಿಜ ಹೇಳುವ ಧೈರ್ಯವೂ ಬರಲಿಲ್ಲ. “ಭಾನುವಾರ ಸಾಹೇಬರ ಅಳಿಯ ಊಟಕ್ಕೆ ಬರ್ತಾರೆ” ಎಂದಷ್ಟೇ ಹೇಳಿ ಮುಸುಕೆಳೆದು ಮಲಗಿದೆ.

ಭಾನುವಾರ ಅಳಿಯಂದಿರು ಟೈ ಕಟ್ಟಿಕೊಂಡು, ಅಳತೆಯ ಟೇಪು ಹಿಡಿದು ಬಂದೇಬಿಟ್ಟರು. ಬಂದ ಕಾರ್ಯವೇನೆಂದು ಅವರ ಬಾಯಿಂದಲೇ ತಿಳಿದಾಗ ನನ್ನ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಅಳಿಯಂದಿರು ಗೋಡೆ ಅಳೆದು, “ಬಾಗಿಲು ಕಿಟಕಿ ಎಲ್ಲ ಮುಚ್ಚೇ ಇರಬೇಕು” ಎಂದರು. ಅಮ್ಮ ಸುಮ್ಮನಿರುತ್ತಾಳೆಯೇ? “ಮುಸ್ಸಂಜೆ ದೀಪ ಅಚ್ಚೋ ವೊತ್ನಾಗೆ ಬಾಗ್ಲು ಆಕಿದ್ರೆ ಲಕ್ಷ್ಮಿ ಎಲ್ಲಿಂದ ಬತ್ತಾಳಪ್ಪ?” ಎಂದಳು. ಬದುಕಿದೆ ಬಡಜೀವ ಎಂದುಕೊಂಡೆ ನಾನು. ಆದರೆ ಅಳಿಯಂದಿರು, “ತೆರೆದಿಡಿ ಅಮ್ಮಾ, ಮಿಷನ್ ಸ್ವಲ್ಪ ದೊಡ್ಡದು ಹಾಕಿದ್ರಾಯ್ತು” ಎಂದು ಬರೆದುಕೊಂಡರು. ಸೌದೆ ಒಲೆಯ ಹೊಗೆ ಎಲ್ಲಿಗೆ ಹೋಗಬೇಕೆಂದು ನನ್ನ ಹೆಂಡತಿ ಕೇಳಿದಳು. ಮಿಷನ್ ಇನ್ನಷ್ಟು ದೊಡ್ಡದಾಯಿತು. ಒಬ್ಬೊಬ್ಬರ ಮೈಶಾಖಕ್ಕೂ ಲೆಕ್ಕವಿದೆ, ಮನೆಯಲ್ಲಿ ಎಷ್ಟು ಜನ ಎಂದು ಅವರು ಕೇಳಿದರು. “ಮನೆ ಮಂದೀನ ಎಣಿಸ್ಬಾರ್ದು, ದೃಷ್ಟಿ ಆಯ್ತದೆ” ಎಂದು ಅಮ್ಮ ಗದರಿದಳು. “ಹಾಗಾದ್ರೆ ಹೆಚ್ಚೇ ಹಿಡಿಯೋಣ” ಎಂದು ಮತ್ತೆ ಬರೆದುಕೊಂಡರು. ಅಯ್ಯೋ ದೇವರೇ, ನನ್ನನ್ನು ಕಾಪಾಡಲು ಮನೆಯವರು ಬಾಯಿ ತೆರೆದಷ್ಟೂ ಖರ್ಚು ಏರುತ್ತಿತ್ತು! ಕೊನೆಗೆ ಹೆಂಚಿನ ಕೆಳಗೆ ಬೇರೆ ಸೂರು, ಮಿಷನ್ನಿಗೆ ಕೋಣೆ ಕಟ್ಟಲು ಸೀಬೆಮರಗಳಿಗೆ ಕೊಡಲಿ.

ಊಟವಾದ ಮೇಲೆ ಅಳಿಯಂದಿರು ಲೆಕ್ಕ ಕೂಡಿದರು, ಬೆವರು ಒರೆಸಿಕೊಂಡು ಮತ್ತೆ ಕೂಡಿದರು, ಚೀಟಿಯನ್ನು ನನ್ನತ್ತ ತಿರುಗಿಸಿದರು. ಅಷ್ಟು ಸೊನ್ನೆಗಳನ್ನು ನಾನು ಕಾರ್ಖಾನೆಯ ಲೆಕ್ಕದಲ್ಲಿ ಮಾತ್ರ ಕಂಡಿದ್ದೆ. ತೋಟ ಮಾರಿದರೂ ಸಾಲದು, ಮನೆಯನ್ನೂ ಮಾರಬೇಕು. ಆಮೇಲೆ ತಂಪು ಮಾಡುವುದು ಯಾವುದನ್ನು? ಹೇಳಿಬಿಡೋಣವೆಂದು ಬಾಯಿ ತೆರೆದೆ. “ಅಚ್ಚುಕಟ್ಟಾಗಿ ಬರೆದಿದ್ದೀರಿ” ಎಂದೆ.

ಅವರು ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದರು. “ಸಾರ್, ಕೈ ಮುಗೀತೀನಿ, ಬೇಡ ಅಂದ್ಬಿಡಿ. ನಾನು ಇದುವರೆಗೂ ಒಂದ್ ಮನೆಗೂ ಹಾಕಿಲ್ಲ. ಹೆದರಿಕೆ ಆಗುತ್ತೆ” ಎಂದರು. “ನೀವೇ ನಿಮ್ಮ ಮಾವನೋರಿಗೆ ಹೇಳಿಬಿಡಿ” ಎಂದೆ. “ಮಾವನೋರಿಗಾ? ಅವರಿಗೆ ಬೇಡ ಅನ್ನೋಕಾಗ್ದೇನೇ ಅಲ್ವಾ ಸಾರ್, ನಾನು ಈ ವ್ಯಾಪಾರಕ್ಕೆ ಇಳಿದಿದ್ದು!” ಮದುವೆಯ ವಿಷಯ ನಾನು ಕೆದಕಲಿಲ್ಲ. ಇಬ್ಬರೂ ಸೀಬೆಮರದ ಕೆಳಗೆ ನಿಂತು ‘ನೀವು ಹೇಳಿ, ನೀವು ಹೇಳಿ’ ಎಂದು ಒಬ್ಬರಿಗೊಬ್ಬರು ಅಂಗಲಾಚಿದೆವು.

ಬಾವಿಕಟ್ಟೆಯ ಹತ್ತಿರ ಪಾತ್ರೆ ಬೆಳಗುತ್ತಿದ್ದ ಅಮ್ಮನಿಗೆ ಎಲ್ಲವೂ ಕೇಳಿಸಿತ್ತು. “ದಾಕ್ಷಿಣ್ಯಕ್ಕೆ ಬಸುರಾದ್ರೆ ಎರೋಕೆ ತಾವಿಲ್ವಂತೆ. ಚೆನ್ನಾಗವ್ರೆ ಇಬ್ರು ಗಂಡಸ್ರು! ಮುದ್ಕಿಗೆ ಶೀತ ಆಯ್ತದೆ, ಬ್ಯಾಡ ಅಂದ್ಳು ಅಂತ ನಿಮ್ಮಾವಂಗೆ ಏಳಪ್ಪ. ಅಂಗೇ ನಾಕು ಸೀಬೆಕಾಯಿ ತಕ್ಕೊಂಡೋಗು” ಎಂದಳು. ಅಳಿಯಂದಿರು ಟೈ ಸಡಿಲಿಸಿ, ಜೇಬು ತುಂಬ ಕಾಯಿ ತುಂಬಿಕೊಂಡು, ಶಿಳ್ಳೆ ಹಾಕುತ್ತಾ ಹೋದರು. ಮಾರನೆಯ ದಿನ ಸಾಹೇಬರೂ, “ತಾಯಿ ಮಾತು ಮೀರಬಾರದಯ್ಯಾ” ಎಂದರು. ಇಷ್ಟು ಸುಲಭವೇ ಎನ್ನಿಸಿತು. ಇನ್ನು ನಾನೂ ಧೈರ್ಯವಾಗಿ ‘ಬೇಡ’ ಎನ್ನಬಲ್ಲೆ ಎಂದು ಕೆಲವು ಕಾಲ ಎದೆಯುಬ್ಬಿಸಿಕೊಂಡೇ ಓಡಾಡಿದೆ.

ಮಳೆಗಾಲ ಕಳೆದ ಮೇಲೆ ಸಾಹೇಬರು ಮತ್ತೆ ಕರೆದರು. “ಅಳಿಯ ಆ ವ್ಯಾಪಾರ ಬಿಟ್ಟನಯ್ಯಾ. ಈಗ ಬಾವಿ ಕೊರೆಸೋ ಮಿಷನ್ ತಂದಿದ್ದಾನೆ. ನಿನ್ನ ತೋಟಕ್ಕೆ ಒಂದು ಕೊರೆಸಿಬಿಡು. ಭಾನುವಾರ ಬರ್ತಾನೆ.” ನಮ್ಮ ಬಾವಿಯಲ್ಲಿ ಬಗ್ಗಿದರೆ ಕೈಗೆ ನೀರು ಸಿಗುತ್ತಿತ್ತು. “ಸಂತೋಷ ಸಾರ್” ಎಂದೆ. ಅಮ್ಮ ಊರಲ್ಲಿಲ್ಲವೆಂಬುದು ಆಮೇಲೆ ನೆನಪಾಯಿತು. ಅವಳು ತಣಿಸಂದ್ರದಲ್ಲಿದ್ದ ತನ್ನ ತಂಗಿಯ ಮನೆಗೆ ಹಬ್ಬಕ್ಕೆ ಹೋಗಿದ್ದಳು. ಸಂಜೆ ಮನೆಗೂ ಹೋಗದೆ ನೇರವಾಗಿ ಅಲ್ಲಿಗೆ ಸೈಕಲ್ ತುಳಿದು, ಏದುಸಿರು ಬಿಡುತ್ತಾ, “ಅಮ್ಮಾ, ಭಾನುವಾರಕ್ಕೆ ಮನೆಗೆ ಬಾರಮ್ಮಾ” ಎಂದು ಬೇಡಿಕೊಂಡೆ. ಅವಳು ವೀಳ್ಯದೆಲೆಗೆ ಸುಣ್ಣ ಸವರುತ್ತಾ, ತಲೆ ಎತ್ತದೆ, “ನಾನ್ ಬರಾಕಿಲ್ಲ, ಓಗು” ಎಂದಳು. ನೋಡಿ, ಎಷ್ಟು ಸಲೀಸಾಗಿ ಹೇಳುತ್ತಾಳೆ!